ಕುದುರೆ ‘ಬೇಡ’ ಅಂದಾಗ ಕೇಳಿಸಿಕೊಳ್ಳುವವರು ಯಾರು?

2021ರ ಆಗಸ್ಟ್ 1, ಭಾನುವಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ತನ್ನ ಕುದುರೆ ಸೆನ್ಯೋರ್ ಮೆಡಿಕಾಟ್ ಮೇಲೆ ಈವೆಂಟಿಂಗ್ ಅನ್ನುವ ಕುದುರೆ ಸವಾರಿ ಆಟದ ಕ್ರಾಸ್ ಕಂಟ್ರಿ, ಅಂದರೆ ಅಡೆತಡೆ ಹಾರುವ ಓಟ, ಓಡಿದ ದಿನ. ಸಂಜೆ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ, ನಮ್ಮ ಪಕ್ಕದ ಮನೆಯ ಚಾಚಾ ಜೊತೆ ಕಟ್ಟೆ ಮೇಲೆ ಕೂತು ಮೊಬೈಲ್‌ನಲ್ಲಿ ಆ ತುಣುಕುಗಳನ್ನು ನೋಡುತ್ತಿದ್ದೆ. ಚಾಚಾ ಮೂವತ್ತು ವರ್ಷ ಟಾಂಗಾ ಓಡಿಸಿದವರು. ಆಟೋಗಳು ಜಾಸ್ತಿಯಾದ ಮೇಲೆ ಟಾಂಗಾ ನಿಂತಿತು, ಕುದುರೆಯನ್ನು ಮಾತ್ರ ಅವರು ಬಿಡಲಿಲ್ಲ. ಈಗ ಮದುವೆ ಮೆರವಣಿಗೆಗೆ ಅಂತ ಒಂದು ಬಿಳಿ ಕುದುರೆ ಇಟ್ಟುಕೊಂಡಿದ್ದಾರೆ.

ಓಟ ಮುಗಿಸಿ ಬಂದ ಕುದುರೆಯೊಂದರ ಸುತ್ತ ನಾಲ್ಕೈದು ಜನ ಓಡಿ ಬಂದು ಬಕೆಟ್‌ಗಟ್ಟಲೆ ಐಸ್ ನೀರು ಸುರಿಯುತ್ತಿದ್ದರು. ಚಾಚಾ ಗಾಬರಿಯಾದರು. “ಏನಪ್ಪಾ ಇದು, ಬೆವರು ಆರೋ ಮೊದಲೇ ತಣ್ಣೀರು ಸುರೀತಾರಲ್ಲ, ಕುದುರೆ ಸೆಟೆದುಕೊಂಡ್ರೆ?” ಸ್ವಲ್ಪ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಸ್ವಿಟ್ಜರ್ಲೆಂಡ್‌ನ ರಾಬಿನ್ ಗೊಡೆಲ್ ಸವಾರಿ ಮಾಡುತ್ತಿದ್ದ ಜೆಟ್ ಸೆಟ್ ಅನ್ನುವ ಕುದುರೆ ಓಟದ ಮಧ್ಯೆಯೇ ಕುಂಟಿ ನಿಂತಿತ್ತು. ಸ್ಕ್ಯಾನ್ ಮಾಡಿದಾಗ ಬಲಗಾಲಿನಲ್ಲಿ, ಗೊರಸಿನ ಸ್ವಲ್ಪ ಮೇಲೆ, ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದುಹೋಗಿತ್ತು. ವಾಸಿ ಮಾಡಲಾಗದ ಗಾಯ ಅಂತ ಅದಕ್ಕೆ ಅವತ್ತೇ ದಯಾಮರಣ ಕೊಟ್ಟರು. ಚಾಚಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, “ಸಾಕು ಅಂತ ಹೇಳೋಕೆ ಅದರ ಕಡೆಯಿಂದ ಅಲ್ಲಿ ಯಾರೂ ಇರಲಿಲ್ವಾ?”

ಈ ಲೇಖನ ಆ ಪ್ರಶ್ನೆಗೆ ಉತ್ತರ. ಆಗ ನನಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಆಮೇಲೆ ಓದಿ, ನೋಡಿ, ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಆಟ ಏನು ಅಂತ ನೋಡೋಣ. ಈವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್. ಮಟ್ಟಸವಾದ ಅಂಗಳದಲ್ಲಿ ಸವಾರನ ಸಣ್ಣ ಸೂಚನೆಗೂ ಕುದುರೆ ಎಷ್ಟು ಹಗುರವಾಗಿ, ಎಷ್ಟು ಲಯದಲ್ಲಿ ನಡೆಯುತ್ತದೆ ಅನ್ನುವ ಪರೀಕ್ಷೆ. ಎರಡನೆಯದು ಕ್ರಾಸ್ ಕಂಟ್ರಿ. ಏರು, ಇಳಿಜಾರು, ನೀರಿನ ಹೊಂಡ, ಹಳ್ಳ, ದಪ್ಪ ದಪ್ಪ ಮರದ ದಿಮ್ಮಿ, ಇವನ್ನೆಲ್ಲ ಹಾರಿಕೊಂಡು ನಾಗಾಲೋಟದಲ್ಲಿ ಓಡಬೇಕು. ಮೂರನೆಯದು ಶೋ ಜಂಪಿಂಗ್, ಬಣ್ಣದ ಕಂಬಗಳನ್ನು ಬೀಳಿಸದೆ ಹಾರುವುದು. ಇಲ್ಲಿ ಅಂಕ ಅಂದರೆ ದಂಡ, ಕಡಿಮೆ ಇದ್ದಷ್ಟೂ ಒಳ್ಳೆಯದು. ಮಿರ್ಜಾ ಡ್ರೆಸಾಜ್‌ನಲ್ಲಿ ಪಡೆದದ್ದು 28.00, ಅಂದರೆ ಶೇಕಡಾ 72ರಷ್ಟು ಗುಣ ಬಂದು ಉಳಿದದ್ದು ದಂಡವಾಗಿ ನಿಂತಿತು ಅಂತ ಅರ್ಥ. ಕೊನೆಗೆ ಅವರು 23ನೇ ಸ್ಥಾನದಲ್ಲಿ ಮುಗಿಸಿದರು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಕುದುರೆಯ ಮೇಲೆ ಬೆಳ್ಳಿ ಗೆದ್ದಿದ್ದರು.

ಇದು ಸೈನ್ಯದಿಂದ ಬಂದ ಆಟ. ಯುರೋಪಿನಲ್ಲಿ ಇದನ್ನು ತುಂಬಾ ಕಾಲ ‘ಮಿಲಿಟರಿ’ ಅಂತಲೇ ಕರೆಯುತ್ತಿದ್ದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಿಂದ ಇದೆ. ಅಶ್ವದಳದ ಕುದುರೆ ಕವಾಯತಿನಲ್ಲಿ ಮಾತು ಕೇಳಬೇಕು, ಯುದ್ಧದಲ್ಲಿ ಕಾಡುಮೇಡು ದಾಟಬೇಕು, ಮಾರನೇ ದಿನ ಮತ್ತೆ ಕೆಲಸಕ್ಕೆ ಬರುವಂತಿರಬೇಕು. ಕೊನೆಯ ದಿನದ ಶೋ ಜಂಪಿಂಗ್ ಇರುವುದೇ ಅದಕ್ಕೆ. ನಿನ್ನೆ ಅಷ್ಟು ಓಡಿದ ಕುದುರೆಯಲ್ಲಿ ಇವತ್ತಿಗೆ ಏನಾದರೂ ಉಳಿದಿದೆಯಾ ಅಂತ ನೋಡುವುದು. ಈ ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಕುದುರೆಯನ್ನು ಹಿಂಡಿ ಗೆದ್ದವನಿಗೆ ಮೂರನೇ ದಿನ ಸೋಲಾಗಬೇಕು ಅನ್ನುವುದು ಆಟದ ಹುಟ್ಟಿನಲ್ಲೇ ಇದೆ.

ಆದರೆ ಆಗಿನ ಕಾಲದಲ್ಲಿ ಅದನ್ನು ಹಾಗೆ ಯಾರೂ ನೋಡಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಕೊನ್ರಾಡ್ ಫಾನ್ ವಾಂಗೆನ್‌ಹೈಮ್ ನಾಲ್ಕನೇ ಅಡೆತಡೆಯ ನೀರಿನ ಹೊಂಡದಲ್ಲಿ ಬಿದ್ದು ಕೊರಳಪಟ್ಟಿಯ ಮೂಳೆ ಮುರಿದುಕೊಂಡ. ಮತ್ತೆ ಹತ್ತಿ ಓಟ ಮುಗಿಸಿದ. ಮಾರನೇ ದಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದ, ಈ ಸಲ ಕುದುರೆಯೇ ಬಿತ್ತು, ಅವನು ಮತ್ತೆ ಹತ್ತಿದ. ತಂಡಕ್ಕೆ ಚಿನ್ನ ಬಂತು. ಎಷ್ಟೋ ವರ್ಷ ಇದನ್ನು ಶೌರ್ಯದ ಕಥೆ ಅಂತ ಹೇಳಿದರು. ಕುದುರೆಯ ಹೆಸರು ಕುರ್ಫ್ಯೂರ್ಸ್ಟ್. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಇವತ್ತಿನ ನಿಯಮದಲ್ಲಿ ಕ್ರಾಸ್ ಕಂಟ್ರಿಯಲ್ಲಿ ಸವಾರ ಬಿದ್ದರೆ ಸಾಕು, ಆಟ ಅಲ್ಲಿಗೆ ಮುಗಿಯಿತು. ಮತ್ತೆ ಹತ್ತುವ ಹಾಗಿಲ್ಲ. ಕುದುರೆ ಬಿದ್ದರೂ ಅಷ್ಟೇ.

ಈಗ ಅಪಾಯ ಎಲ್ಲಿದೆ ಅಂತ ನೋಡೋಣ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಈವೆಂಟಿಂಗ್‌ನಲ್ಲಿ ನಕ್ಷತ್ರಗಳ ಲೆಕ್ಕದಲ್ಲಿ ಹಂತಗಳಿವೆ, ಮೇಲಿನದು ಐದು ನಕ್ಷತ್ರ. ಇಂಗ್ಲೆಂಡಿನ ಬ್ಯಾಡ್ಮಿಂಟನ್ ಮತ್ತು ಬರ್ಲಿ, ಅಮೆರಿಕದ ಕೆಂಟಕಿ, ಜರ್ಮನಿಯ ಲುಮ್ಯೂಲೆನ್, ಫ್ರಾನ್ಸಿನ ಪೋ, ಹೀಗೆ ಬೆರಳೆಣಿಕೆಯ ಕಡೆ ಮಾತ್ರ ನಡೆಯುತ್ತದೆ. ಅಲ್ಲಿ ಕ್ರಾಸ್ ಕಂಟ್ರಿಯ ವೇಗ ನಿಮಿಷಕ್ಕೆ 570 ಮೀಟರ್, ಅಂದರೆ ಗಂಟೆಗೆ 34 ಕಿಲೋಮೀಟರ್. ಸುಮಾರು ಹನ್ನೊಂದು ನಿಮಿಷ ಹಾಗೇ ಓಡಬೇಕು, ಮಧ್ಯೆ ನಲವತ್ತರ ಆಸುಪಾಸು ಜಿಗಿತ. ಗಟ್ಟಿ ಅಡೆತಡೆಯ ಎತ್ತರ 1.20 ಮೀಟರ್‌ವರೆಗೆ. ಬಳ್ಳಾರಿಯ ರಸ್ತೆಯಲ್ಲಿ ಬೈಕು ಹೋಗುವ ವೇಗದಲ್ಲಿ ಐನೂರು ಕಿಲೋಗೂ ಮೇಲಿನ ಜೀವವೊಂದು ನಿಮ್ಮ ಎದೆಯೆತ್ತರದ ದಿಮ್ಮಿ ಹಾರುತ್ತದೆ ಅಂತ ಅಂದುಕೊಳ್ಳಿ.

ಶೋ ಜಂಪಿಂಗ್‌ನಲ್ಲಿ ಕಾಲು ತಗುಲಿದರೆ ಕಂಬ ಕೆಳಗೆ ಬೀಳುತ್ತದೆ, ನಾಲ್ಕು ದಂಡ, ಮುಗಿಯಿತು. ಕ್ರಾಸ್ ಕಂಟ್ರಿಯ ದಿಮ್ಮಿ ಬೀಳುವುದಿಲ್ಲ. ಗೊರಸು ತಗುಲಿದರೆ ಕುದುರೆ ಎಡವಿ ಸುಧಾರಿಸಿಕೊಳ್ಳುತ್ತದೆ. ಆದರೆ ಮುಂಗಾಲಿನ ಮೇಲ್ಭಾಗ, ಮೊಣಕಾಲಿಗಿಂತ ಮೇಲಿನ ಜಾಗ, ದಿಮ್ಮಿಗೆ ಹೊಡೆದರೆ ಮುಂಭಾಗ ಗಕ್ಕನೆ ನಿಲ್ಲುತ್ತದೆ, ಹಿಂಭಾಗದ ವೇಗ ನಿಲ್ಲುವುದಿಲ್ಲ. ಇಡೀ ಕುದುರೆ ದಿಮ್ಮಿಯ ಮೇಲೆ ಲಾಗ ಹೊಡೆದು ಬೆನ್ನ ಮೇಲೆ ಬೀಳುತ್ತದೆ. ಸವಾರ ಅದರ ಅಡಿಗೆ ಸಿಗುತ್ತಾನೆ. ಇದಕ್ಕೆ ರೊಟೇಶನಲ್ ಫಾಲ್ ಅಂತಾರೆ. ಈ ಆಟದಲ್ಲಿ ಸವಾರರ ಸಾವಿಗೆ ಇದು ದೊಡ್ಡ ಕಾರಣ. 1999ರಲ್ಲಿ ಬ್ರಿಟನ್ ಒಂದರಲ್ಲೇ ಐದು ಜನ ಸವಾರರು ಸತ್ತರು. ಆಮೇಲೆ ಲಾರ್ಡ್ ಹಾರ್ಟಿಂಗ್ಟನ್ ಅಧ್ಯಕ್ಷತೆಯ ಸಮಿತಿ 2000ರಲ್ಲಿ ವರದಿ ಕೊಟ್ಟಿತು. ಅದರ ತಿರುಳು ಇಷ್ಟೇ: ಮೊದಲು ಕುದುರೆ ಬೀಳದಂತೆ ನೋಡಿಕೊಳ್ಳಿ. ಕುದುರೆಯ ಸುರಕ್ಷೆ, ಸವಾರನ ಸುರಕ್ಷೆ ಬೇರೆ ಬೇರೆ ಅಲ್ಲ ಅನ್ನುವುದು ಅಲ್ಲಿಂದ ಎಲ್ಲರಿಗೂ ಮನದಟ್ಟಾಯಿತು.

ಅಲ್ಲಿಂದ ಹುಟ್ಟಿದ್ದು ಮುರಿಯುವ ಪಿನ್. ನೋಡೋಕೆ ದಿಮ್ಮಿ ಗಟ್ಟಿಯಾಗಿ ಕೂತಿರುತ್ತದೆ, ಆದರೆ ಅದನ್ನು ಹಿಡಿದಿರುವ ಲೋಹದ ಪಿನ್ ಇಂತಿಷ್ಟು ಬಲ ಬಿದ್ದರೆ ಮುರಿಯುವಂತೆ ಮಾಡಿರುತ್ತಾರೆ. ಕುದುರೆ ಮೈಮೇಲೆ ಬಂದರೆ ಪಿನ್ ಮುರಿದು ದಿಮ್ಮಿ ಕೆಳಗೆ ಇಳಿಯುತ್ತದೆ, ಲಾಗ ತಪ್ಪುತ್ತದೆ. ಸ್ವೀಡನ್‌ನಿಂದ ಬಂದ ಮಿಮ್ ಕ್ಲಿಪ್ ಇದಕ್ಕಿಂತ ಮುಂದೆ ಹೋಯಿತು, ಮುಂದಿನಿಂದ ತಳ್ಳಿದರೂ ಬಿಟ್ಟುಕೊಡುತ್ತದೆ. ಪಿನ್ ಅಥವಾ ಕ್ಲಿಪ್ ಬಿಟ್ಟುಕೊಂಡರೆ ಸವಾರನಿಗೆ 11 ದಂಡ. ಈ ದಂಡದ ಬಗ್ಗೆ ಸವಾರರಲ್ಲಿ ಜಗಳ ಇದ್ದೇ ಇದೆ, ಸುಮ್ನೆ ಸ್ವಲ್ಪ ತಗುಲಿದ್ದಕ್ಕೆ ಪದಕ ಹೋಯಿತು ಅಂತ. ನನ್ನ ಮಟ್ಟಿಗೆ ಆ ದಂಡ ಇರಲೇಬೇಕು. ಇಲ್ಲದಿದ್ದರೆ ‘ಹೇಗೂ ಮುರಿಯುತ್ತದೆ’ ಅಂತ ನುಗ್ಗುವವರು ಇದ್ದೇ ಇರುತ್ತಾರೆ.

ಪಿನ್‌ಗಿಂತ ನನಗೆ ಹೆಚ್ಚು ಇಷ್ಟವಾದದ್ದು ಅಡೆತಡೆ ಕಟ್ಟುವವರ ಜಾಣ್ಮೆ. ಕುದುರೆಯ ಕಣ್ಣು ತಲೆಯ ಎರಡೂ ಪಕ್ಕದಲ್ಲಿದೆ. ಸುತ್ತ ಎಲ್ಲ ಕಾಣುತ್ತದೆ, ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಕಾಣುವುದಿಲ್ಲ. ಜಿಗಿಯುವ ಕೊನೆಯ ಗಳಿಗೆಯಲ್ಲಿ ಅದು ಕಾಲಡಿಯ ದಿಮ್ಮಿಯನ್ನು ನೋಡುತ್ತಿರುವುದಿಲ್ಲ, ಸ್ವಲ್ಪ ಮೊದಲು ಕಂಡದ್ದನ್ನು ನಂಬಿ ಹಾರುತ್ತದೆ. ಬಣ್ಣವೂ ನಮ್ಮ ಹಾಗೆ ಕಾಣುವುದಿಲ್ಲ. ನೀಲಿ, ಹಳದಿ ಗೊತ್ತಾಗುತ್ತದೆ, ಕೆಂಪು ಮತ್ತು ಹಸಿರು ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ. ಹುಲ್ಲಿನ ಮೇಲಿನ ಕಿತ್ತಳೆ ಬಣ್ಣ ನಮಗೆ ಕಣ್ಣಿಗೆ ಹೊಡೆಯುತ್ತದೆ, ಕುದುರೆಗೆ ಹುಲ್ಲಿನಲ್ಲೇ ಕಲೆತುಹೋಗುತ್ತದೆ. ಬ್ರಿಟನ್ನಿನ ಜಂಪ್ ರೇಸುಗಳಲ್ಲಿ ಎಷ್ಟೋ ಕಾಲದಿಂದ ಇದ್ದ ಕಿತ್ತಳೆ ಪಟ್ಟಿಯನ್ನು 2022ರಿಂದ ಬಿಳಿ ಮಾಡಿದ್ದು ಇದಕ್ಕೇ. ಈವೆಂಟಿಂಗ್‌ನಲ್ಲೂ ಒಳ್ಳೆಯ ವಿನ್ಯಾಸಕಾರರು ದಿಮ್ಮಿಯ ಮುಂಭಾಗವನ್ನು ಇಳಿಜಾರು ಮಾಡುತ್ತಾರೆ, ಬುಡದಲ್ಲಿ ಎದ್ದು ಕಾಣುವ ಗೆರೆ ಇಡುತ್ತಾರೆ. ಎಲ್ಲಿಂದ ಕಾಲು ಎತ್ತಬೇಕು ಅಂತ ಕುದುರೆಗೆ ಅಂದಾಜು ಸಿಗಲಿ ಅಂತ.

ಇನ್ನೊಂದು ಇದೆ. ಕ್ರಾಸ್ ಕಂಟ್ರಿಯಲ್ಲಿ ತೀರಾ ಕಿರಿದಾದ ಅಡೆತಡೆಗಳು ಇರುತ್ತವೆ, ಒಂದು ಮಂಚದ ಅಗಲ ಕೂಡ ಇರುವುದಿಲ್ಲ. ನೋಡಿದವರಿಗೆ ಇದು ಕುದುರೆಗೆ ಕೊಡುವ ಹಿಂಸೆ ಅನ್ನಿಸಬಹುದು. ಅದು ಉಲ್ಟಾ. ಅಗಲವಾದ ಗೋಡೆಯಂಥ ಅಡೆತಡೆಯ ಎದುರು ಲೆಕ್ಕ ತಪ್ಪಿ ಬಂದ ಕುದುರೆಗೆ ಎರಡೇ ದಾರಿ, ಗಕ್ಕನೆ ನಿಲ್ಲಬೇಕು ಇಲ್ಲವೇ ಹೇಗೋ ಹಾರಬೇಕು. ಹೇಗೋ ಹಾರಿದಾಗಲೇ ಅನಾಹುತ. ಕಿರಿದಾದ ಅಡೆತಡೆಯಾದರೆ ಅದು ಪಕ್ಕಕ್ಕೆ ಸರಿದು ಹೋಗಬಹುದು. ಸವಾರನಿಗೆ 20 ದಂಡ ಬೀಳುತ್ತದೆ, ಗೆಲ್ಲುವ ಆಸೆ ಹೋಗುತ್ತದೆ, ಇಬ್ಬರೂ ನೆಟ್ಟಗೆ ಮನೆಗೆ ಹೋಗುತ್ತಾರೆ. ಅಂದರೆ ಕುದುರೆ ‘ಬೇಡ’ ಅನ್ನೋಕೆ ಜಾಗ ಬಿಟ್ಟು ಕಟ್ಟಿದ ಅಡೆತಡೆ ಅದು. ಅದೇ ಜಾಗದಲ್ಲಿ ಎರಡನೇ ಸಲ ಬೇಡ ಅಂದರೆ 40. ಮೂರನೇ ಸಲಕ್ಕೆ ಆಟದಿಂದ ಹೊರಗೆ. ಚಾವಟಿಗೂ ಕಟ್ಟು ಇದೆ, ಒಂದು ಸಂದರ್ಭಕ್ಕೆ ಎರಡು ಏಟಿಗಿಂತ ಹೆಚ್ಚು ಹೊಡೆಯುವ ಹಾಗಿಲ್ಲ. ದಣಿದ ಕುದುರೆಯನ್ನು ಒತ್ತಾಯಿಸಿ ಓಡಿಸಿದರೆ ಅದು ಅಪಾಯಕಾರಿ ಸವಾರಿ ಅಂತ ಲೆಕ್ಕ, 25 ದಂಡ ಹಾಕಬಹುದು, ಮಧ್ಯದಲ್ಲೇ ನಿಲ್ಲಿಸಲೂಬಹುದು. ಪ್ರತಿ ಅಡೆತಡೆಯ ಹತ್ತಿರವೂ ನೋಡುವವರು ಇರುತ್ತಾರೆ.

ಚಾಚಾಗೆ ಇದೆಲ್ಲ ಹೇಳಿದಾಗ ಅವರು ಹಿಡಿದುಕೊಂಡದ್ದು ಇನ್ನೊಂದು ವಿಷಯ, ಓಡಿಸಿ ನೋಡುವುದು. ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಸ್ವಲ್ಪ ಓಡಿಸಿ ನೋಡುತ್ತೇವಲ್ಲ, ಅದೇ ಇದು. ಈವೆಂಟಿಂಗ್‌ನಲ್ಲಿ ಡ್ರೆಸಾಜ್‌ಗೆ ಮೊದಲು ಒಂದು ಸಲ, ಕ್ರಾಸ್ ಕಂಟ್ರಿಯ ಮಾರನೇ ದಿನ ಶೋ ಜಂಪಿಂಗ್‌ಗೆ ಮೊದಲು ಇನ್ನೊಂದು ಸಲ, ಜೀನು ಇಲ್ಲದೆ ಬರೀ ಲಗಾಮಿನಲ್ಲಿ ಕುದುರೆಯನ್ನು ತೀರ್ಪುಗಾರರು ಮತ್ತು ಪಶುವೈದ್ಯರ ಮುಂದೆ ಓಡಿಸಬೇಕು. ನೋವಿರುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆಯ ಕಾಲು ತಾಗುವಾಗ ಕೆಳಗೆ ಬರುತ್ತದೆ. ಚಾಚಾ ಇದನ್ನು ನಾನು ಹೇಳುವ ಮೊದಲೇ ತಲೆ ಆಡಿಸಿ ತೋರಿಸಿದರು. ಸಂಶಯ ಬಂದರೆ ಪಕ್ಕಕ್ಕೆ ಕಳಿಸಿ ಇನ್ನೊಬ್ಬ ವೈದ್ಯರು ಮುಟ್ಟಿ ನೋಡುತ್ತಾರೆ, ಮತ್ತೆ ಓಡಿಸುತ್ತಾರೆ. ಬೇಡ ಅಂದರೆ ಬೇಡ, ಮೇಲ್ಮನವಿ ಇಲ್ಲ. ಒಲಿಂಪಿಕ್ಸ್ ಆದರೂ ಸರಿ, ಮೊದಲನೇ ಸ್ಥಾನದಲ್ಲಿದ್ದರೂ ಸರಿ.

ಹಾಗಾದರೆ ಜೆಟ್ ಸೆಟ್ ಯಾಕೆ ಸತ್ತಿತು? ಕುದುರೆಯ ಕಾಲಿನ ರಚನೆ ನೋಡಿದರೆ ಇದು ಅರ್ಥವಾಗುತ್ತದೆ. ಮೊಣಕಾಲಿನ ಕೆಳಗೆ ಅದಕ್ಕೆ ಮಾಂಸಖಂಡವೇ ಇಲ್ಲ. ಮೂಳೆ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಸ್ನಾಯುರಜ್ಜು, ಮೂಳೆಗಳ ಕಟ್ಟು, ಚರ್ಮ, ಅಷ್ಟೇ. ನಾಗಾಲೋಟದಲ್ಲಿ ಒಂದು ಗಳಿಗೆ ಒಂದೇ ಮುಂಗಾಲಿನ ಮೇಲೆ ಅದರ ಮೈತೂಕದ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಹಿಂಭಾಗದ ಸ್ನಾಯುರಜ್ಜು ರಬ್ಬರಿನಂತೆ ಹಿಗ್ಗಿ ಕುಗ್ಗಿ ಕೆಲಸ ಮಾಡುತ್ತದೆ, ಹಾಗೆ ಮಾಡುವಾಗ ಬಿಸಿಯಾಗುತ್ತದೆ. ಅದರ ಒಳಗೆ 45 ಡಿಗ್ರಿಯವರೆಗೆ ಶಾಖ ಅಳೆದಿದ್ದಾರೆ. ಓಟ ಮುಗಿದ ಮೇಲೆ ಕಾಲುಗಳನ್ನು ಐಸಿನಲ್ಲಿ ಇಳಿಬಿಡುವುದು ಇದಕ್ಕೇ. ಇಂಥ ಕಾಲಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸವೆತ ಇದ್ದರೆ, ಓಡಿಸಿ ನೋಡಿದಾಗ ಗೊತ್ತಾಗದೆಯೂ ಇರಬಹುದು, ಏನೂ ತೊಂದರೆ ಇಲ್ಲದ ಕಾಲು ಕೂಡ ಒಂದು ತಪ್ಪು ಹೆಜ್ಜೆಗೆ ಹರಿಯಬಹುದು. ಮತ್ತೆ ಕುದುರೆ ತಿಂಗಳುಗಟ್ಟಲೆ ಮಲಗಿ ಗುಣವಾಗುವ ಪ್ರಾಣಿ ಅಲ್ಲ. ಮೂರೇ ಕಾಲಿನ ಮೇಲೆ ನಿಂತರೆ ಉಳಿದ ಗೊರಸುಗಳು ಭಾರಕ್ಕೆ ಕೆಡುತ್ತವೆ. ದಯಾಮರಣ ಅನ್ನುವುದು ಅಲ್ಲಿ ಬೇಗ ಕೈತೊಳೆದುಕೊಳ್ಳುವ ಮಾತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೆ ಅಂದುಕೊಂಡಿದ್ದೆ. ಇದನ್ನು ತಿಳಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ದುಃಖ ಮಾತ್ರ ಹಾಗೇ ಇದೆ.

ಈಗ ನೀರಿನ ವಿಷಯ. ಬಳ್ಳಾರಿ, ರಾಯಚೂರು, ಕೊಪ್ಪಳದ ನಮಗೆ ಇದು ಬೇರೆ ಎಲ್ಲಕ್ಕಿಂತ ಹತ್ತಿರದ್ದು.

ಓಡುವಾಗ ಮಾಂಸಖಂಡ ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಓಟಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಬಿಸಿ. ಕುದುರೆಯ ಮೈ ದೊಡ್ಡದು, ಆ ಗಾತ್ರಕ್ಕೆ ಹೋಲಿಸಿದರೆ ಚರ್ಮ ಕಡಿಮೆ, ಬಿಸಿ ಹೊರಗೆ ಹೋಗೋಕೆ ದಾರಿ ಸಾಲದು. ಸುಮ್ಮನಿದ್ದಾಗ 38 ಡಿಗ್ರಿ ಆಸುಪಾಸಿನ ಮೈ ಕ್ರಾಸ್ ಕಂಟ್ರಿ ಮುಗಿಯುವಾಗ 41 ದಾಟಬಹುದು. ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಗುಂಡಿಗೆ ಇನ್ನೂರು ದಾಟುತ್ತದೆ. ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಹೋಗುತ್ತದೆ. ಆ ಬೆವರು ನಮ್ಮದಕ್ಕಿಂತ ಉಪ್ಪು, ಅದಕ್ಕೇ ಬರೀ ನೀರು ಸಾಲದು, ಉಪ್ಪಿನಂಶವನ್ನೂ ತುಂಬಿಕೊಡಬೇಕು. ಬಾಯಲ್ಲಿ ಉಸಿರಾಡೋಕೆ ಕುದುರೆಗೆ ಬರುವುದೇ ಇಲ್ಲ, ಮೂಗೊಂದೇ ದಾರಿ. ಮೂಗಿನ ಪಟ್ಟಿಯನ್ನು ಬಿಗಿಯಾಗಿ ಕಟ್ಟಬಾರದು ಅನ್ನೋಕೆ ಇದೂ ಒಂದು ಕಾರಣ. ಪಟ್ಟಿಯ ಬಿಗಿ ನೋಡೋಕೆ 2025ರಿಂದ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ, ಅಂದರೆ ಎಫ್‌ಇಐ, ಒಂದು ಅಳತೆಯ ಸಾಧನವನ್ನೇ ತಂದಿದೆ. ಅದಕ್ಕೆ ಮೊದಲು ‘ಎರಡು ಬೆರಳು ಹೋಗಬೇಕು’ ಅನ್ನುತ್ತಿದ್ದರು, ಯಾರ ಬೆರಳು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತಿತ್ತು.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸೆಖೆಗೆ ಕುದುರೆಗಳು ತೀರಾ ಬಸವಳಿದವು. ಮುಂದಿನದು 1996ರಲ್ಲಿ ಅಟ್ಲಾಂಟಾದಲ್ಲಿ, ಅಲ್ಲಿ ಸೆಖೆ ಇನ್ನೂ ಜಾಸ್ತಿ. ಹಾಗಾಗಿ ಮಧ್ಯದ ನಾಲ್ಕು ವರ್ಷ ವಿಜ್ಞಾನಿಗಳು ಇದನ್ನೇ ಹಿಡಿದು ಕೂತರು. ಬಿಸಿಯಾದ ಕುದುರೆಗೆ ತಣ್ಣೀರು ಹಾಕಿದರೆ ಮಾಂಸ ಸೆಟೆದುಕೊಳ್ಳುತ್ತದೆ ಅನ್ನುವ ನಂಬಿಕೆ ಬಳ್ಳಾರಿಯ ಟಾಂಗಾದವರದ್ದು ಮಾತ್ರ ಅಲ್ಲ, ಇಂಗ್ಲೆಂಡಿನ ಲಾಯಗಳಲ್ಲೂ ಇತ್ತು. ಪರೀಕ್ಷೆ ಮಾಡಿ ನೋಡಿದರೆ ಹಾಗೇನೂ ಆಗಲಿಲ್ಲ. ತಣ್ಣೀರು ಬಿದ್ದ ಕುದುರೆಗಳು ಬೇಗ ಸುಧಾರಿಸಿಕೊಂಡವು. ಅಟ್ಲಾಂಟಾದಲ್ಲಿ ನೀರು, ಐಸು, ತುಂತುರು ಎರಚುವ ದೊಡ್ಡ ಫ್ಯಾನ್ ಎಲ್ಲ ಇಟ್ಟರು. ಟೋಕಿಯೋದಲ್ಲೂ ಇಟ್ಟರು, ಅಲ್ಲಿ ಓಟದ ದಾರಿಯನ್ನು ಕಡಿಮೆ ಮಾಡಿ ಬೆಳಗಿನ ಹೊತ್ತಿಗೇ ಶುರು ಮಾಡಿದರು.

ಒಂದು ಮಾತು ನೆನಪಿಡಿ, ಬರೀ ಡಿಗ್ರಿ ನೋಡಿ ಅಪಾಯ ಅಳೆಯೋಕೆ ಆಗುವುದಿಲ್ಲ. ರಾಯಚೂರಿನ ಮೇ ತಿಂಗಳ ಒಣ ಬಿಸಿಲಿನಲ್ಲಿ 41 ಡಿಗ್ರಿ ಇದ್ದರೂ ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಟೋಕಿಯೋದ 32 ಡಿಗ್ರಿಯಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, ಸುಮ್ನೆ ಸುರಿದು ಹೋಗುತ್ತದೆ. ಅದಕ್ಕೆ ಬಿಸಿಲು, ಗಾಳಿ, ತೇವ ಎಲ್ಲ ಸೇರಿಸಿ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಅನ್ನುವ ಒಂದು ಅಂಕಿ ಲೆಕ್ಕ ಹಾಕುತ್ತಾರೆ. ಅದು 28 ದಾಟಿದರೆ ಹುಷಾರು, 33 ದಾಟಿದರೆ ಓಟವೇ ಬೇಡ ಅನ್ನುವುದು ಸ್ಥೂಲ ಲೆಕ್ಕ.

ಇಷ್ಟೆಲ್ಲ ಇದ್ದೂ ಸರಿಹೋಗದ ವಿಷಯಗಳಿವೆ. ಮೊದಲು ಕ್ರಾಸ್ ಕಂಟ್ರಿಗೆ ಮುಂಚೆ ರಸ್ತೆಯಲ್ಲಿ ಮೈಲುಗಟ್ಟಲೆ ಓಟ, ಒಂದು ವೇಗದ ರೇಸು ಎಲ್ಲ ಇರುತ್ತಿತ್ತು. 2004ರ ಅಥೆನ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿ ಅದು ಹೋಯಿತು. ಕುದುರೆಗೆ ದಣಿವು ಕಡಿಮೆಯಾಯಿತು ಅಂತ ಕೆಲವರು ಅಂತಾರೆ. ಆದರೆ ಕ್ರಾಸ್ ಕಂಟ್ರಿಗೆ ಮೊದಲು ಹತ್ತು ನಿಮಿಷ ಕಡ್ಡಾಯವಾಗಿ ನಿಲ್ಲಿಸಿ ವೈದ್ಯರು ನಾಡಿ, ಜ್ವರ ನೋಡುತ್ತಿದ್ದ ಒಂದು ತಂಗುದಾಣವೂ ಅದರ ಜೊತೆಗೇ ಹೋಯಿತು. ದಾರಿ ಚಿಕ್ಕದಾದ ಮೇಲೆ ಅಡೆತಡೆಗಳು ಹೆಚ್ಚು ಜಟಿಲವಾದವು ಅಂತ ಹಳಬರು ಹೇಳುತ್ತಾರೆ. ನನಗೆ ಆ ಹತ್ತು ನಿಮಿಷ ಹೋಗಿದ್ದು ನಷ್ಟ ಅಂತಲೇ ಅನ್ನಿಸುತ್ತದೆ. ಟೋಕಿಯೋದಲ್ಲೇ ಐದು ಆಟ ಸೇರಿದ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಗಾಬರಿಯಾಗಿ ಹಾರಲು ಒಪ್ಪದ ಕುದುರೆಯೊಂದನ್ನು ಹೊಡೆದದ್ದನ್ನು ಇಡೀ ಜಗತ್ತು ನೋಡಿತು. ಪ್ಯಾರಿಸ್ 2024 ಆದ ಮೇಲೆ ಆ ಆಟದಿಂದ ಕುದುರೆ ಸವಾರಿಯನ್ನೇ ತೆಗೆದರು. ಈವೆಂಟಿಂಗ್‌ನವರಿಗೆ ಇದು ಗೊತ್ತಿದೆ. ಜನ ಒಪ್ಪದಿದ್ದರೆ ಆಟ ಉಳಿಯುವುದಿಲ್ಲ.

ಕುದುರೆಗೆ ಬೆಲೆ ಕಟ್ಟುವುದು ನಮ್ಮ ನೆಲಕ್ಕೆ ಹೊಸದಲ್ಲ. ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ಪೂರ್ತಿ ಕುದುರೆಗಳ ಸಾಲು ಇದೆ. ಹಾರ್ಮುಜ್, ಏಡನ್‌ನಿಂದ ಹಡಗಿನಲ್ಲಿ ಕುದುರೆ ತರಿಸುತ್ತಿದ್ದ ವಿಜಯನಗರದ ಅರಸನೊಬ್ಬ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ್ದಷ್ಟೇ ಹಣ ಕೊಡುತ್ತಿದ್ದ ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ವ್ಯಾಪಾರಿ ಕೈಬಿಡದಿರಲಿ ಅಂತ ಕೊಟ್ಟ ಬೆಲೆ ಅದು. ಹಡಗಿನ ಹೊಟ್ಟೆಯಲ್ಲಿ ಕುದುರೆ ಏನು ಅನುಭವಿಸಿತು ಅಂತ ಆ ಲೆಕ್ಕದಲ್ಲಿ ಇಲ್ಲ.

ಹೋದ ಮೇ ತಿಂಗಳಲ್ಲಿ ಒಂದು ಮದುವೆ ಮೆರವಣಿಗೆಗೆ ಚಾಚಾ ತಮ್ಮ ಬಿಳಿ ಕುದುರೆ ತಂದಿದ್ದರು. ನಾನೂ ಇದ್ದೆ. ಸಂಜೆ ಆರೂವರೆ, ರಸ್ತೆಯ ಡಾಂಬರು ಇನ್ನೂ ಕಾಯ್ದಿತ್ತು. ಮುಂದೆ ಬ್ಯಾಂಡು, ಹಿಂದೆ ಜನರೇಟರ್ ಗಾಡಿ, ಮೇಲೆ ಮದುಮಗ. ಅರ್ಧ ದಾರಿಯಲ್ಲಿ ಕುದುರೆ ನಿಂತುಬಿಟ್ಟಿತು. ಮೂಗಿನ ಹೊಳ್ಳೆ ಅಗಲವಾಗಿತ್ತು, ಕಿವಿ ಹಿಂದಕ್ಕೆ ಒತ್ತಿತ್ತು, ಪಕ್ಕೆ ಬಡಿದುಕೊಳ್ಳುತ್ತಿತ್ತು. ಹುಡುಗರು ಹಿಂದಿನಿಂದ ತಟ್ಟಿ ಮುಂದೆ ಹೊಡೆಯೋಕೆ ಹೋದರು. ಚಾಚಾ ಕೈ ಅಡ್ಡ ಹಿಡಿದು, “ಮದುಮಗನ್ನ ಇಳಿಸ್ರಪ್ಪಾ” ಅಂದರು. ಮದುಮಗನ ಮಾವ ಸಿಟ್ಟಾದರು, ಕೊಟ್ಟ ದುಡ್ಡಿನ ಮಾತು ಬಂತು. ಚಾಚಾ ಅಡ್ವಾನ್ಸ್ ವಾಪಸ್ ಕೊಡ್ತೀನಿ ಅಂದರು, ಹುಡುಗ ತಾನಾಗೇ ಇಳಿದ. ಪಕ್ಕದ ಹೋಟೆಲಿನಿಂದ ನಾನು ಎರಡು ಬಕೆಟ್ ನೀರು ತಂದೆ. ಚಾಚಾ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕುದುರೆಯ ಕತ್ತಿನ ಮೇಲೆ, ಎದೆಯ ಮೇಲೆ, ತೊಡೆಯ ಮೇಲೆ ಸುರಿದರು. ಮೂರನೇ ಬಕೆಟ್ ಅವರೇ ತಂದರು. ಪಕ್ಕೆಯ ಮೇಲೆ ಅಂಗೈ ಇಟ್ಟು ಉಸಿರು ಎಣಿಸುತ್ತಾ ನಿಂತರು, ಬ್ಯಾಂಡು ಅಷ್ಟರಲ್ಲಿ ಕಲ್ಯಾಣ ಮಂಟಪದ ಹತ್ತಿರ ಹೋಗಿತ್ತು.